ಮಕ್ಕಳ ಭಕ್ತಿಗೂ ಒಂದಿಷ್ಟು ಪುರುಸೊತ್ತು ಬೇಕು

ಕ್ರೈಸ್ತ ಕುಟುಂಬಗಳ ತಂದೆತಾಯಿಯರು ಆಪ್ತಸಮಾಲೋಚನೆಗೆಂದು ಬಂದಾಗ ಓದು, ಮೊಬೈಲು, ಸ್ನೇಹಿತರು ಎಲ್ಲವೂ ಮುಗಿದು ಎದ್ದು ಹೊರಡುವ ಹೊತ್ತಿಗೆ ಇನ್ನೊಂದು ಮಾತು ತೆಗೆಯುವುದುಂಟು. ಮಗಳು ಒಂದು ಭಾನುವಾರವೂ ಚರ್ಚು ತಪ್ಪಿಸುವುದಿಲ್ಲ, ಬೈಬಲ್ ರಸಪ್ರಶ್ನೆಯಲ್ಲಿ ವರ್ಷವರ್ಷವೂ ಬಹುಮಾನ ತರುತ್ತಾಳೆ. ಆದರೆ ಅಜ್ಜಿ ಒಂದು ಲೋಟ ನೀರು ಕೇಳಿದರೆ ಎರಡು ಸಲ ಕೂಗಿಸಿಕೊಳ್ಳುತ್ತಾಳೆ, ಮನೆಕೆಲಸಕ್ಕೆ ಬರುವ ಆಂಟಿಯನ್ನು ಏಕವಚನದಲ್ಲಿ ಗದರುತ್ತಾಳೆ. "ನಾವೆಲ್ಲಿ ತಪ್ಪಿದೆವು ಮೇಡಂ?"

ತಪ್ಪು ಹುಡುಕುವ ಮೊದಲು ಒಂದು ಸಂಗತಿ ತಿಳಿದಿರಲಿ. ದೇವರ ವಾಕ್ಯ ಬಾಯಿಪಾಠ ಬರುವುದಕ್ಕೂ ಎದುರಿಗಿರುವವರ ಕಷ್ಟ ಕಣ್ಣಿಗೆ ಬೀಳುವುದಕ್ಕೂ ಬೇಕಾದ ಅಭ್ಯಾಸಗಳು ಬೇರೆಬೇರೆ. ಮೊದಲನೆಯದನ್ನು ನಾವು ಮಕ್ಕಳಿಗೆ ಮುತುವರ್ಜಿಯಿಂದ ಮಾಡಿಸುತ್ತೇವೆ. ಎರಡನೆಯದು ತಾನಾಗಿ ಬಂದುಬಿಡುತ್ತದೆ ಎಂದು ನಂಬಿ ಕೂರುತ್ತೇವೆ. ಬರುವುದಿಲ್ಲ. ಮಕ್ಕಳಿಗಿರಲಿ, ಪಾದ್ರಿಗಳಾಗಲು ಓದುತ್ತಿರುವವರಿಗೂ ಬರುವುದಿಲ್ಲ.

ಇದು ನನ್ನ ಕೊಂಕುಮಾತಲ್ಲ. ಅಮೆರಿಕದ ಪ್ರಿನ್ಸ್‌ಟನ್ ದೇವಶಾಸ್ತ್ರ ಶಾಲೆಯ 40 ವಿದ್ಯಾರ್ಥಿಗಳನ್ನಿಟ್ಟುಕೊಂಡು ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗವೊಂದು 1973ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರನ್ನೇ ಕರೆದು, ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಬೇಕು ಎಂದು ಹೇಳಿ ಕಳಿಸಿದರು. ಕೆಲವರಿಗೆ ಕೊಟ್ಟ ವಿಷಯವೇ ಬೈಬಲಿನ ಒಳ್ಳೆಯ ಸಮಾರ್ಯದವನ ಕಥೆ, ಗಾಯಾಳುವೊಬ್ಬನಿಗೆ ನೆರವಾದ ಪರಕೀಯನ ಕಥೆ. ದಾರಿಯಲ್ಲಿ ಒಂದು ಬಾಗಿಲ ಬಳಿ ಒಬ್ಬ ಮನುಷ್ಯ ತಲೆ ಬಗ್ಗಿಸಿ ಕುಸಿದು ಕೂತು ಕೆಮ್ಮುತ್ತ ನರಳುವಂತೆ ಏರ್ಪಾಡಾಗಿತ್ತು. ಹೊರಡುವಾಗ ಕೆಲವರಿಗೆ "ಇನ್ನೂ ಹೊತ್ತಿದೆ" ಎಂದಿದ್ದರು, ಕೆಲವರಿಗೆ "ಈಗ ಹೊರಟರೆ ಸರಿಹೋಗುತ್ತದೆ" ಎಂದಿದ್ದರು, ಉಳಿದವರಿಗೆ "ಆಗಲೇ ತಡವಾಗಿದೆ, ಓಡಿ" ಎಂದಿದ್ದರು. ಸಮಯವಿದ್ದವರಲ್ಲಿ ಶೇ 63 ಮಂದಿ ಆ ಮನುಷ್ಯನಿಗೆ ನೆರವಾಗಲು ಮುಂದಾದರು. ನಡುವಿನವರಲ್ಲಿ ಶೇ 45. ತಡವಾಗಿದೆ ಎಂದು ಓಡಿದವರಲ್ಲಿ ಶೇ 10. ಸಮಾರ್ಯದವನ ಕಥೆಯನ್ನೇ ಹೇಳಲು ಹೊರಟಿದ್ದವರಲ್ಲೂ ಕೆಲವರು ಆ ಮನುಷ್ಯನನ್ನು ದಾಟಿಕೊಂಡು ಹೋದರು. ತಲೆಯಲ್ಲಿ ಯಾವ ವಿಷಯವಿತ್ತು ಎಂಬುದಕ್ಕಿಂತ ಕೈಯಲ್ಲಿ ಎಷ್ಟು ಸಮಯವಿತ್ತು ಎಂಬುದೇ ಹೆಚ್ಚು ಕೆಲಸ ಮಾಡಿತ್ತು.

40 ಜನರ ಪ್ರಯೋಗ ಚಿಕ್ಕದು, ಅದರಿಂದ ಲೋಕದ ಸತ್ಯ ತೆಗೆಯಲಾಗದು, ನಿಜ. ಆದರೂ ನಮ್ಮ ಮನೆಗಳ ಭಾನುವಾರವನ್ನು ಒಮ್ಮೆ ನೋಡಿ. ಏಳಕ್ಕೆ ಪೂಜೆ, ಅದು ಮುಗಿಯುತ್ತಿದ್ದಂತೆ ಧರ್ಮೋಪದೇಶ, ಹತ್ತೂವರೆಗೆ ಕೀಬೋರ್ಡ್ ಕ್ಲಾಸು, ಊಟಕ್ಕೆ ಮೊದಲು ಗಣಿತದ ಟ್ಯೂಷನ್, ಸಂಜೆ ಕಾಯಿರ್ ಪ್ರಾಕ್ಟೀಸು. ಚರ್ಚಿನ ಮೆಟ್ಟಿಲ ಮೇಲೆ ಕೋಲೂರಿ ನಿಂತ ಮುದುಕಿಯೊಬ್ಬರು ಆಟೋ ಸಿಗದೆ ಅತ್ತಿತ್ತ ನೋಡುತ್ತಿದ್ದರೆ ಮಗು ಅದನ್ನು ಗಮನಿಸುವುದಾದರೂ ಯಾವಾಗ? ಗಮನಿಸಿ "ಅಮ್ಮಾ, ಆ ಅಜ್ಜಿ..." ಎನ್ನುವಷ್ಟರಲ್ಲಿ ನಾವೇ ರಟ್ಟೆ ಹಿಡಿದು "ಬಾ ಬೇಗ, ಕ್ಲಾಸಿಗೆ ತಡವಾಯ್ತು" ಎಂದು ಕಾರಿಗೆ ಹತ್ತಿಸುತ್ತೇವೆ. ಮಗು ಅಂದು ಕಲಿತ ಪಾಠ ಅದೇ. ವಾರಕ್ಕೊಂದು ತರಗತಿಯನ್ನು ಕಡಿಮೆ ಮಾಡಿ. ಯಾವುದನ್ನು ಎಂದು ನಾನು ಹೇಳಲಾರೆ. ಭಾನುವಾರ ಚರ್ಚು ಬಿಟ್ಟ ಮೇಲೆ ಒಂದು ಗಂಟೆ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ ಇರುವುದು ಮಕ್ಕಳ ಧಾರ್ಮಿಕ ಶಿಕ್ಷಣದ ಭಾಗವೇ ಎಂದು ನಾನು ತಿಳಿಯುತ್ತೇನೆ.

ಇನ್ನು ಬಹುಮಾನದ ವಿಚಾರ. ಹಾಜರಾತಿಗೆ ಸ್ಟಾರು, ವಾಕ್ಯ ಹೇಳಿದರೆ ಚಾಕೊಲೇಟು, ತಂಗಿಗೆ ಸಹಾಯ ಮಾಡಿದರೆ ಪಟ್ಟಿಯಲ್ಲಿ ಇನ್ನೊಂದು ಗುರುತು. ಉದ್ದೇಶ ಒಳ್ಳೆಯದೇ. ಆದರೆ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಯೋಚನೆಗೆ ಹಚ್ಚುತ್ತದೆ. ಇಪ್ಪತ್ತು ತಿಂಗಳ ಕೂಸುಗಳ ಎದುರು ದೊಡ್ಡವರು ಏನನ್ನೋ ಕೆಳಗೆ ಬೀಳಿಸಿ ಎಟುಕದೆ ಒದ್ದಾಡುತ್ತಾರೆ. ಕೂಸುಗಳು ಯಾರೂ ಹೇಳದೆಯೇ ಎತ್ತಿಕೊಡುತ್ತವೆ. ಹಾಗೆ ಎತ್ತಿಕೊಟ್ಟದ್ದಕ್ಕೆ ಆಟದ ಸಾಮಾನು ಪಡೆದ ಕೂಸುಗಳು ಮುಂದಿನ ಸುತ್ತಿನಲ್ಲಿ ಕಡಿಮೆ ಸಹಾಯ ಮಾಡಿದವು. ಏನನ್ನೂ ಪಡೆಯದವು ಮೊದಲಿನಂತೆಯೇ ಮಾಡುತ್ತ ಹೋದವು. ಸಹಾಯ ಮಾಡಬೇಕೆಂಬ ಮನಸ್ಸು ಮಗುವಿನಲ್ಲಿ ಮೊದಲೇ ಇದೆ, ಅದಕ್ಕೆ ಕೂಲಿ ಕಟ್ಟಿದರೆ ಅದು ಕೂಲಿಯ ಲೆಕ್ಕಕ್ಕೆ ಇಳಿಯುತ್ತದೆ. ವಾಕ್ಯ ಬಾಯಿಪಾಠಕ್ಕೆ ಬಹುಮಾನ ಕೊಡುವುದಿದ್ದರೆ ಕೊಡಿ, ಅದು ನಿಮಗೆ ಬಿಟ್ಟದ್ದು. ಕರುಣೆಗೆ ಮಾತ್ರ ಸ್ಟಾರು ಅಂಟಿಸಬೇಡಿ. "ನೀನು ಹೋಗಿ ಬಾಗಿಲು ತೆಗೆದದ್ದರಿಂದ ಅವರಿಗೆ ಸಿಲಿಂಡರು ಕೆಳಗಿಡಬೇಕಾಗಲಿಲ್ಲ" ಎಂದು ಆದದ್ದನ್ನು ಆದ ಹಾಗೆ ಹೇಳಿದರೆ ಸಾಕು.

ಮಕ್ಕಳು ನಮ್ಮನ್ನು ಅಳೆಯುವ ಜಾಗಗಳು ಬಹಳ ಸಣ್ಣವು. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದ ಒಂದು ಸ್ಟೀಲ್ ಲೋಟ, ಅಂಚು ತಗ್ಗಿದ್ದು, ಉಳಿದ ಲೋಟಗಳ ಜೊತೆ ಬುಟ್ಟಿಗೆ ಸೇರದ್ದು. ಮನೆಕೆಲಸದವರ ಕಾಫಿಗೆಂದೇ ಇಟ್ಟದ್ದು. ಯೇಸುವಿನ ಪಟವಿರುವ ಎಷ್ಟೋ ಮನೆಗಳಲ್ಲೂ ಈ ಲೋಟ ಇದೆ. ಸಂಡೇ ಸ್ಕೂಲಿನಲ್ಲಿ ನೆರೆಯವರನ್ನು ಪ್ರೀತಿಸುವ ಪಾಠ ಕೇಳಿ ಬಂದ ಮಗು ಆ ಲೋಟವನ್ನು ದಿನವೂ ನೋಡುತ್ತದೆ, ಏನೂ ಕೇಳುವುದಿಲ್ಲ, ಉತ್ತರವನ್ನು ತಾನೇ ಕಂಡುಕೊಳ್ಳುತ್ತದೆ. ಹಾಗೆಯೇ ಅಂಗಡಿಯಲ್ಲಿ "ಬಿಲ್ಲು ಬೇಡ, ಜಿಎಸ್‌ಟಿ ಉಳಿಯುತ್ತೆ" ಎಂಬ ಮಾತು, ಮಗುವಿನ ಪ್ರಾಜೆಕ್ಟನ್ನು ರಾತ್ರಿ ಕೂತು ಅಪ್ಪನೇ ಮಾಡಿ ಮುಗಿಸುವುದು, ಮದುವೆ ಮಾತುಕತೆಯಲ್ಲಿ "ಅವರು ಮೂಲದಲ್ಲಿ ಯಾವ ಜಾತಿಯವರಂತೆ?" ಎಂದು ತಗ್ಗಿದ ದನಿಯಲ್ಲಿ ಕೇಳುವುದು. ಚರ್ಚಿನೊಳಗೂ ಜಾತಿ ಬಂದು ಕೂತಿದೆ ಎಂಬುದು ನಮಗೆಲ್ಲ ಗೊತ್ತು. ಸಮಾಜಕ್ಕೆ ನಮ್ಮಿಂದ ಒಳ್ಳೆಯದಾಗಬೇಕು ಎನ್ನುವ ಮನೆ ಮೊದಲು ಆ ಲೋಟವನ್ನು ಬುಟ್ಟಿಗೆ ಸೇರಿಸಬೇಕು. ಮಗುವಿಗೆ ಅದನ್ನು ವಿವರಿಸಿ ಹೇಳುವ ಅಗತ್ಯವೂ ಇಲ್ಲ.

ಕೊಡುವ ಅಭ್ಯಾಸದ ಬಗ್ಗೆ ಕೇಳುವವರಿಗೆ ನಾನು ಮಿಜೋರಾಮಿನ ಉದಾಹರಣೆ ಕೊಡುತ್ತೇನೆ. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಲ್ಲಿ ಶುರುಮಾಡಿದ ಪದ್ಧತಿಯೊಂದಿದೆ, ಹೆಸರು 'ಬುಹ್‌ಫಾಯ್ ಥಾಮ್'. ಪ್ರತಿ ಹೊತ್ತು ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು. ತುಂಬಿದ ಅಕ್ಕಿಯನ್ನು ಸಭೆಯ ಹೆಂಗಸರು ಬಂದು ಒಯ್ಯುತ್ತಾರೆ, ಅದನ್ನು ಮಾರಿ ಬಂದ ಹಣ ಸಭೆಯ ಕೆಲಸಕ್ಕೆ. ಕೈಯಲ್ಲಿ ಕಾಸಿಲ್ಲದ ಬಡವರ ಮನೆಯೂ ಕೊಡುವವರ ಸಾಲಿಗೆ ಸೇರಿದ್ದು ಹೀಗೆ. ಮಠಗಳಿಗೆ ಹಿಡಿ ಅಕ್ಕಿ ಎತ್ತಿಡುವ ಪದ್ಧತಿಯನ್ನು ಕಂಡ ನಮ್ಮವರಿಗೆ ಇದು ಹೊಸದೆನಿಸದು. ಇದರಲ್ಲಿ ನನಗೆ ಮುಖ್ಯವೆನಿಸುವುದು ದಿನದಿನವೂ ಮಕ್ಕಳ ಕಣ್ಣೆದುರೇ ನಡೆಯುತ್ತದೆ ಎಂಬುದು. ನಾವು ಈಗ ಫೋನಿನಲ್ಲಿ ಹಣ ಕಳಿಸಿ ಮುಗಿಸುತ್ತೇವೆ, ಮಗುವಿಗೆ ಕಾಣುವುದು ಅಪ್ಪ ಮೊಬೈಲು ಒತ್ತಿದ್ದು ಮಾತ್ರ. ತಪಸ್ಸುಕಾಲದ ನಲವತ್ತು ದಿನವಾದರೂ ಅಕ್ಕಿಯನ್ನೋ ರಾಗಿಯನ್ನೋ ಮಗುವಿನ ಕೈಯಿಂದಲೇ ಎತ್ತಿಡಿಸಿ, ಅದು ತಲುಪುವ ಮನೆಯ ತನಕ ಮಗುವನ್ನೂ ಕರೆದುಕೊಂಡು ಹೋಗಿ. ಕೊಡುವಾಗ ಫೋಟೊ ಬೇಡ.

ಫೋಟೊ ಎಂದಾಗ ಹುಟ್ಟುಹಬ್ಬದ ನೆನಪಾಯಿತು. ಮಗುವಿನ ಹುಟ್ಟುಹಬ್ಬಕ್ಕೆ ಅನಾಥಾಲಯಕ್ಕೆ ಹೋಗಿ, ಕೇಕು ಕತ್ತರಿಸಿ, ಅಲ್ಲಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ಹಿಡಿದು ಸ್ಟೇಟಸ್ ಹಾಕುವುದು ಈಗ ಪದ್ಧತಿಯೇ ಆಗಿದೆ. ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಗುರುತು, ಚಿತ್ರ ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಕಾನೂನು ಹಾಗಿರಲಿ, ಯಾರದೋ ಹುಟ್ಟುಹಬ್ಬಕ್ಕೆ ಚಪ್ಪಾಳೆ ತಟ್ಟುವ ಕೆಲಸವನ್ನು ವರ್ಷವಿಡೀ ಮಾಡುವ ಆ ಮಕ್ಕಳ ಮನಸ್ಸನ್ನು ಯೋಚಿಸಿ. ಹೋಗಲೇಬಾರದು ಎಂದಲ್ಲ. ಮೊದಲು ಫೋನ್ ಮಾಡಿ ಅಲ್ಲಿನ ಸಿಸ್ಟರನ್ನೋ ವಾರ್ಡನ್ನನ್ನೋ ಕೇಳಿ. "ಕೇಕು ವಾರಕ್ಕೆ ಮೂರು ಬರುತ್ತದೆ, ಸ್ಯಾನಿಟರಿ ಪ್ಯಾಡು ಯಾರೂ ತರುವುದಿಲ್ಲ. ಎಸ್ಸೆಸ್ಸೆಲ್ಸಿಯ ನಾಲ್ವರಿಗೆ ಗಣಿತ ಹೇಳಿಕೊಡುವವರು ಬೇಕು" ಎಂಬಂಥ ಉತ್ತರ ಬಂದರೆ ಆಶ್ಚರ್ಯಪಡಬೇಡಿ.

ಇಲ್ಲಿ ಸಮಾರ್ಯದವನ ಕಥೆಯ ಕೊನೆಯ ಭಾಗ ಉಪಯೋಗಕ್ಕೆ ಬರುತ್ತದೆ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ನಾವು ಗಾಯಕ್ಕೆ ಎಣ್ಣೆ ಹಚ್ಚಿ ಕಟ್ಟು ಕಟ್ಟುವಲ್ಲಿಗೆ ನಿಲ್ಲಿಸಿಬಿಡುತ್ತೇವೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಯೆಹೂದ್ಯರು ದೂರವಿಟ್ಟಿದ್ದ ಜನಾಂಗದ ಆ ಮನುಷ್ಯ ಗಾಯಾಳುವನ್ನು ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ಯುತ್ತಾನೆ, ರಾತ್ರಿ ಆರೈಕೆ ಮಾಡುತ್ತಾನೆ, ಮರುದಿನ ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂತಿರುಗುವಾಗ ತೀರಿಸುವೆನೆಂದು ಹೇಳಿ ಹೋಗುತ್ತಾನೆ. ಮತ್ತೆ ಬರುವವನು ಅವನು. ಮಗು ವರ್ಷಕ್ಕೊಮ್ಮೆ ಹತ್ತು ಸಂಸ್ಥೆಗೆ ಹೋಗುವುದಕ್ಕಿಂತ ಒಂದೇ ಮನೆಗೆ, ಒಬ್ಬರೇ ವೃದ್ಧರ ಬಳಿಗೆ ತಿಂಗಳುಗಟ್ಟಲೆ ಹೋಗಲಿ. ಮೂರನೇ ಸಲ ಹೋದಾಗ ಅವರು ಮಗುವಿನ ಹೆಸರು ಹಿಡಿದು ಕರೆಯುತ್ತಾರೆ, ಐದನೇ ಸಲ ಮಗುವಿಗೆ ಬೇಸರ ಬರುತ್ತದೆ. ಬೇಸರ ಬಂದ ಮೇಲೂ ಹೋಗುವುದೇ ಸೇವೆ ಎಂದು ಅಂದು ಹೇಳಬಹುದು.

ಕಥೆಗಳು ಬೇಕೇ ಬೇಕು. ನಮ್ಮ ಮಕ್ಕಳಿಗೆ ವಿದೇಶದ ಸಂತರ ಹೆಸರು ಗೊತ್ತು, ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚೆನ್ನಪ್ಪನವರ ಹೆಸರು ಗೊತ್ತಿಲ್ಲ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದ ಅವರು ಊರೂರು ಅಲೆದು, ಜನರ ಬಾಯಲ್ಲಿದ್ದದ್ದನ್ನೂ ಓಲೆಗರಿಗಳಲ್ಲಿದ್ದದ್ದನ್ನೂ ಕಲೆಹಾಕಿ, ಸರ್ವಜ್ಞನ ವಚನಗಳನ್ನು 1924ರಲ್ಲಿ ಪುಸ್ತಕವಾಗಿ ತಂದರು. ಇಂದು ಪ್ರಾಥಮಿಕ ಶಾಲೆಯ ಮಕ್ಕಳು ಹೇಳುವ ಸರ್ವಜ್ಞನ ಹಿಂದೆ ಒಬ್ಬ ಕ್ರೈಸ್ತ ಪಾದ್ರಿಯ ಕಾಲ್ನಡಿಗೆ ಇದೆ. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ತನ್ನ ನಂಬಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ನೆರೆಯವರ ಆಸ್ತಿಯನ್ನು ಕಾಪಾಡಿಕೊಡುವುದು ಹೇಗೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ಸೇವೆ ಎಂದರೆ ಆಸ್ಪತ್ರೆ, ಅನಾಥಾಲಯ ಎಂದಷ್ಟೇ ತಿಳಿದ ಮಕ್ಕಳಿಗೆ ಇದನ್ನು ಹೇಳಿ.

ಆಸ್ಪತ್ರೆಯ ಕಥೆಗಳನ್ನೂ ಹೇಳಿ, ಆದರೆ ಕಷ್ಟದ ಭಾಗವನ್ನು ಬಿಡಬೇಡಿ. ನಮ್ಮ ಕಡೆಯಿಂದಲೂ ಎಷ್ಟೋ ಜನ ರೋಗಿಗಳನ್ನು ಕರೆದೊಯ್ಯುವ ವೆಲ್ಲೂರಿನ ಆಸ್ಪತ್ರೆಯ ಹಿಂದೆ ಐಡಾ ಸ್ಕಡರ್ ಎಂಬ ಹುಡುಗಿ ಇದ್ದಳು. ಅಪ್ಪ ತಮಿಳುನಾಡಿನಲ್ಲಿ ಮಿಷನರಿ ಡಾಕ್ಟರು. ಮಗಳಿಗೆ ಅದು ಸುತರಾಂ ಬೇಡ. ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ಬಂದಿದ್ದಾಗ ಒಂದೇ ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಬಂದು, ಹೆರಿಗೆಯಲ್ಲಿ ನರಳುತ್ತಿರುವ ಹೆಂಡತಿಯನ್ನು ಬಂದು ನೋಡಿ ಎಂದು ಅವಳನ್ನು ಬೇಡಿಕೊಂಡರು. ನನಗೆ ವೈದ್ಯ ಬಾರದು, ಅಪ್ಪ ಬರುತ್ತಾರೆ ಎಂದಳು. ಗಂಡಸು ಡಾಕ್ಟರು ನೋಡುವುದು ಬೇಡವೆಂದು ಮೂವರೂ ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಮೂವರು ಹೆಣ್ಣುಮಕ್ಕಳೂ ತೀರಿಕೊಂಡಿದ್ದರು. ಅವಳು ಅಮೆರಿಕಕ್ಕೆ ಹೋಗಿ ವೈದ್ಯಶಾಸ್ತ್ರ ಓದಿ 1900ರಲ್ಲಿ ಮರಳಿ ಬಂದಳು, 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ ತೆರೆದಳು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ತೆರೆದದ್ದು ಬಡವರಿಗೆ ಹೋಮಿಯೋಪಥಿ ಔಷಧ ಕೊಡುವ ಒಂದು ಪುಟ್ಟ ಔಷಧಾಲಯ. ಹತ್ತು ವರ್ಷದ ನಂತರ ಅವರು ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿದರು. ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರದು, ಮೈಸೂರಿನ ಜನ ಇಂದಿಗೂ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ 1906ರದು. ಒಂದು ಎಚ್ಚರಿಕೆ: ಈ ಹೆಸರುಗಳನ್ನು ಹೇಳಿ ಎದೆಯುಬ್ಬಿಸುವುದು ಸುಲಭ. ನೂರು ವರ್ಷದ ಹಿಂದಿನವರ ಬೆವರು ನಮ್ಮ ಖಾತೆಗೆ ಜಮೆಯಾಗುವುದಿಲ್ಲ. ನಿಮ್ಮ ಬೀದಿಯಲ್ಲಿ ಈಗ ಯಾರಿಗೆ ಡಯಾಲಿಸಿಸ್ಸಿಗೆ ಹೋಗಲು ಜೊತೆ ಬೇಕು ಎಂಬುದು ಮಗನಿಗೆ ಗೊತ್ತಿದೆಯೇ, ಅದನ್ನು ಕೇಳಿ.

ಈಗ ಪೋಷಕರು ಹೆಚ್ಚು ಅಳುಕುವ ಪ್ರಶ್ನೆ. ಶಾಲೆಯಲ್ಲಿ ಸಹಪಾಠಿಯೊಬ್ಬ "ನಿಮ್ಮವರು ದುಡ್ಡು ಕೊಟ್ಟು ಮತಾಂತರ ಮಾಡ್ತಾರಂತೆ, ಹೌದಾ?" ಎಂದು ಕೇಳಿದನೆಂದು ಮಗು ಮನೆಗೆ ಬಂದು ಹೇಳುತ್ತದೆ. 2022ರಲ್ಲಿ ರಾಜ್ಯದಲ್ಲಿ ಮತಾಂತರದ ಕಾಯ್ದೆ ಬಂದಾಗ, 2023ರಲ್ಲಿ ಅದನ್ನು ಹಿಂಪಡೆಯಲು ಸಚಿವ ಸಂಪುಟ ತೀರ್ಮಾನಿಸಿದಾಗ ನಡೆದ ಟಿವಿ ಜಗಳಗಳು ಮಕ್ಕಳ ಕಿವಿಗೂ ಬಿದ್ದಿವೆ. ಮಗು ಹೀಗೆ ಬಂದು ಹೇಳಿದಾಗ ಅದರ ಮೇಲೆ ಸಿಟ್ಟಾಗಬೇಡಿ, ಆ ಸಹಪಾಠಿಯ ಮನೆಯವರನ್ನು ಬೈಯಬೇಡಿ. ನಿಮ್ಮ ಮನೆತನದ ಕಥೆಯನ್ನು ಇದ್ದ ಹಾಗೆ ಹೇಳಿ. ಕರಾವಳಿಯ ಕೊಂಕಣಿ ಕಥೋಲಿಕರಾಗಿದ್ದರೆ ಗೋವೆಯಿಂದ ಶತಮಾನಗಳ ಹಿಂದೆ ಬಂದವರ ಕಥೆ. ಬಾಸೆಲ್ ಮಿಷನ್ ಸಭೆಗಳವರಾಗಿದ್ದರೆ 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳ ಕಥೆ. ಮತ ಬದಲಿಸಿದವರಿಗೆ ಆಗ ಮನೆ, ಆಸ್ತಿ, ಕುಲಕಸುಬು ಎಲ್ಲ ತಪ್ಪಿಹೋಗುತ್ತಿತ್ತು. ಅವರ ಹೊಟ್ಟೆಪಾಡಿಗೆ ಮಗ್ಗಗಳೂ 1865ರಲ್ಲಿ ಹೆಂಚಿನ ಕಾರ್ಖಾನೆಯೂ ಬಂದವು. ಹಾಗೆಯೇ ಆಮಿಷ ಒಡ್ಡಿದವರು ಎಲ್ಲೂ ಇರಲಿಲ್ಲವೆಂದು ಮಗುವಿನ ಮುಂದೆ ವಾದಿಸಲು ಹೋಗಬೇಡಿ. ನೀವು ಖಚಿತವಾಗಿ ಹೇಳಬಹುದಾದದ್ದು ನಿಮ್ಮ ಮನೆಯ ಮಾತು ಮಾತ್ರ: "ನಾವು ಯಾರಿಗಾದರೂ ಅನ್ನ ಕೊಟ್ಟರೆ ಅವರು ಚರ್ಚಿಗೆ ಬರಲಿ ಎಂದು ಕೊಡುವುದಿಲ್ಲ. ಬಾರದಿದ್ದರೂ ಕೊಡುತ್ತೇವೆ." ಇದನ್ನು ಹೇಳಬೇಕಾದರೆ ಅದು ನಿಜವಾಗಿರಬೇಕು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು ಶೇ 2ಕ್ಕಿಂತ ಕಡಿಮೆ. ಒಂದು ತರಗತಿಯಲ್ಲಿ ಒಬ್ಬಳೇ ಕ್ರೈಸ್ತ ಹುಡುಗಿ ಇರಬಹುದು. ಅವಳ ಗೆಳತಿಯರು ಕ್ರೈಸ್ತರನ್ನು ತಿಳಿಯುವುದು ಅವಳಿಂದಲೇ. ಈ ಹೊರೆಯನ್ನು ಅವಳ ತಲೆಗೆ ಕಟ್ಟಬೇಡಿ. ಅವಳು ಸಾಮಾನ್ಯ ಮಗುವಾಗಿ, ತಪ್ಪು ಮಾಡುತ್ತ, ಕ್ಷಮೆ ಕೇಳುತ್ತ ಬೆಳೆಯಲಿ.

ಗೆಳತಿಯ ಮನೆಯಲ್ಲಿ ಪ್ರಸಾದ ಕೊಟ್ಟರೆ ತಿನ್ನಬಹುದೇ ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಒಂದೊಂದು ಸಭೆಯದು ಒಂದೊಂದು ನಿಲುವು, ಅದರಲ್ಲಿ ನಾನು ತೀರ್ಪು ಕೊಡುವವಳಲ್ಲ. ತೆಗೆದುಕೊಳ್ಳುವುದಾದರೆ ಎರಡೂ ಕೈ ಚಾಚಿ ತೆಗೆದುಕೊಳ್ಳಲಿ. ಬೇಡವೆನ್ನುವುದಾದರೆ "ಬೇಡ ಆಂಟಿ, ನೀರು ಕೊಡಿ ಸಾಕು" ಎಂದು ನಗುತ್ತ ಹೇಳಲು ಕಲಿಯಲಿ. ಮುಖ ಸಿಂಡರಿಸುವುದು ಮಾತ್ರ ಯಾವ ಸಭೆಯ ಬೋಧನೆಯಲ್ಲೂ ಇಲ್ಲ. ಕ್ರಿಸ್ಮಸ್ಸಿಗೆ ಕುಸ್ವಾರ ತಿಂಡಿಗಳ ತಟ್ಟೆ ಹೊತ್ತು ನೆರೆಮನೆಗಳಿಗೆ ಹೋಗುವ ಮಕ್ಕಳು ಯುಗಾದಿಗೂ ರಂಜಾನಿಗೂ ಅದೇ ಮನೆಗಳಿಗೆ ಹೋಗಿ ಕೂತು ಬರಲಿ. ತಟ್ಟೆ ಹೋಗುವ ಮನೆಗಳ ಪಟ್ಟಿಯಲ್ಲಿ ನಿಮ್ಮ ಬೀದಿ ಗುಡಿಸುವ ಪೌರಕಾರ್ಮಿಕರ ಮನೆಯೂ ಇರಲಿ.

ಹದಿನಾರು ದಾಟಿದವರ ಮಾತು ಬೇರೆ. "ಚರ್ಚಲ್ಲಿ ಎಲ್ಲ ನಾಟಕ" ಎಂದು ಮಗ ಬರಲೊಪ್ಪದಿದ್ದರೆ ಅವನು ದೇವರನ್ನು ಬಿಟ್ಟನೆಂದು ಅಳುತ್ತ ಫಾದರ್ ಬಳಿಗೋ ಅಯ್ಯನವರ ಬಳಿಗೋ ಎಳೆದುಕೊಂಡು ಹೋಗಬೇಡಿ. ಬಹಳ ಸಲ ಅವನಿಗೆ ಕಂಡದ್ದು ಮಾತಿಗೂ ನಡತೆಗೂ ಇರುವ ಅಂತರ. ಅದನ್ನು ಕಂಡದ್ದು ತಪ್ಪಲ್ಲ. ಏನು ನಾಟಕವೆನಿಸಿತು ಎಂದು ಕೇಳಿ, ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಆಮೇಲೆ ಉಪದೇಶದ ಬದಲು ಕೆಲಸ ಕೊಡಿ: ರಕ್ತದಾನ ಶಿಬಿರದ ನೋಂದಣಿ ಮೇಜು, ಸೇಂಟ್ ವಿನ್ಸೆಂಟ್ ದಿ ಪೌಲ್ ಸಂಘದವರ ಜೊತೆ ಮನೆಭೇಟಿ. 1833ರಲ್ಲಿ ಪ್ಯಾರಿಸಿನಲ್ಲಿ ಆ ಸಂಘ ಕಟ್ಟಿದ ಫ್ರೆಡೆರಿಕ್ ಒಝನಾಮ್ ಆಗಿನ್ನೂ ಇಪ್ಪತ್ತರ ಕಾಲೇಜು ಹುಡುಗ.

ಕೊನೆಗೆ ಒಂದು ವಿನಂತಿ. ತಿಂಗಳ ನಾಲ್ಕು ಧರ್ಮೋಪದೇಶ ತರಗತಿಗಳಲ್ಲಿ ಒಂದನ್ನು ಪುಸ್ತಕ ಮುಚ್ಚಿ ಹೊರಗೆ ಮಾಡಬಹುದು: ಹಾಸಿಗೆ ಹಿಡಿದವರ ಮನೆಗೆ, ಸರ್ಕಾರಿ ಶಾಲೆಯ ಅಂಗಳಕ್ಕೆ, ಕೆರೆಯ ದಂಡೆಗೆ. ಪರೀಕ್ಷೆಗೆ ಮೊದಲು ಪಾಠ ಮುಗಿಯುವುದಿಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಒಂದು ಪಾಠ ಬಿಟ್ಟುಹೋದರೂ ಪರವಾಗಿಲ್ಲ ಎಂದು ಹೇಳುವವರು ಬೇಕು. ಶಿಕ್ಷಕರು ಅದನ್ನು ತಾವಾಗಿ ಹೇಳಲಾರರು, ಮಕ್ಕಳನ್ನು ಯಾರೂ ಕೇಳುವುದಿಲ್ಲ. ನಿಮ್ಮ ಚರ್ಚಿನ ಪಾಲನಾ ಸಮಿತಿಯ ಮುಂದಿನ ಸಭೆಯಲ್ಲಿ ಈ ಮಾತನ್ನು ಪೋಷಕರಾದ ನೀವೇ ಎತ್ತಬೇಕು.